ಓದಿ ಸುಮ್ಮನಾಗುವವರು, ಮಾತು ಮುಂದುವರಿಸುವವರು

ಸಾಮಾಜಿಕ ಜಾಲತಾಣಗಳಲ್ಲಿ ಮುಖ್ಯವಾಗಿ ಎರಡು ಬಗೆ. ಫೋನ್ ತೆರೆದ ಕೂಡಲೇ ಯಾರ ಮಾತು ಮೊದಲು ಕಾಣಬೇಕು, ಯಾರದು ಆಮೇಲೆ, ಯಾರದು ಕಾಣಲೇಬಾರದು ಎಂಬುದನ್ನು ಮೊದಲನೆಯ ಬಗೆಯಲ್ಲಿ ಕಂಪನಿಯ ಕಂಪ್ಯೂಟರ್ ತೀರ್ಮಾನಿಸುತ್ತದೆ. ಆ ತೀರ್ಮಾನದ ಹಿಂದಿರುವ ಲೆಕ್ಕಾಚಾರವನ್ನೇ ಜನ ಅಲ್ಗಾರಿದಮ್ ಎನ್ನುವುದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ಎಕ್ಸ್ (ಹಿಂದಿನ ಟ್ವಿಟರ್) ಇವೆಲ್ಲ ಈ ಗುಂಪಿನವು. ಎರಡನೆಯ ಬಗೆಯಲ್ಲಿ ಈ ಲೆಕ್ಕಾಚಾರ ಇರುವುದಿಲ್ಲ. ಬಳಕೆದಾರರು ತಾವಾಗಿ ಆರಿಸಿಕೊಂಡವರು ಬರೆದದ್ದು, ಬರೆದ ಹೊತ್ತಿನ ಕ್ರಮದಲ್ಲಿ, ಹೊಸದು ಮೇಲೆ ಹಳೆಯದು ಕೆಳಗೆ ಎಂಬಂತೆ ಬರುತ್ತದೆ. ಹಿಂದಿನ ಸಲ ಓದಿ ನಿಲ್ಲಿಸಿದ ಜಾಗ ಸಿಕ್ಕಿತೆಂದರೆ ಅಂದಿನ ಓದು ಮುಗಿಯಿತು. 2016ರಲ್ಲಿ ಜರ್ಮನಿಯ ಯೂಜೆನ್ ರೋಚ್ಕೊ ಹೊರತಂದ ಮಾಸ್ಟೊಡಾನ್ ಈ ಬಗೆಗೆ ಇಂದು ಸಿಗುವ ಒಳ್ಳೆಯ ಉದಾಹರಣೆ. ನೋಡುವವರನ್ನು ಹಿಡಿದಿಡಲೇಬೇಕೆಂಬ ಅವಸರ ಇಲ್ಲದ ಕಾರಣ ಇಂಥವನ್ನು ನಿಧಾನದ ಜಾಲತಾಣಗಳು ಎನ್ನಬಹುದು.

ಬಳಸುವವರಲ್ಲೂ ಎರಡು ಬಗೆ ಇದೆ. ಬೆರಳಿನಿಂದ ಪುಟ ಸರಿಸುತ್ತಾ, ಬಂದದ್ದನ್ನು ಓದುತ್ತಾ, ಏನೂ ಹೇಳದೆ ಹೊರಟುಹೋಗುವವರು ಬಹಳ ಮಂದಿ. ಬರೆಯುವ, ಉತ್ತರಿಸುವ, ಇನ್ನೊಬ್ಬರ ಬರಹವನ್ನು ಹಂಚುವವರು ಸ್ವಲ್ಪ ಮಂದಿ. ಸಂಶೋಧಕರು ಮೊದಲನೆಯದನ್ನು ನಿಷ್ಕ್ರಿಯ ಬಳಕೆ, ಎರಡನೆಯದನ್ನು ಸಕ್ರಿಯ ಬಳಕೆ ಎಂದು ಕರೆದಿದ್ದಾರೆ. ಈ ವ್ಯತ್ಯಾಸದ ಬಗ್ಗೆ ನಡೆದ ಚರ್ಚೆಯ ಬಹುಪಾಲು ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳನ್ನು ಮುಂದಿಟ್ಟುಕೊಂಡೇ ನಡೆದಿದೆ. ಆದರೆ ಅಲ್ಗಾರಿದಮ್ ಇಲ್ಲದ ಕಡೆ ಸುಮ್ಮನೆ ಓದುವುದರ ಅರ್ಥವೇ ಬೇರೆಯಾಗುತ್ತದೆ. ಯಂತ್ರ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಯಾರಾದರೂ ಮನುಷ್ಯರೇ ಮಾಡಬೇಕು. ಯಾರೂ ಮಾಡದಿದ್ದರೆ ಆ ಕೆಲಸ ಆಗುವುದೇ ಇಲ್ಲ.

ಕಾಲಕ್ರಮದ ಪುಟ ಹೊಸ ಆವಿಷ್ಕಾರವೇನೂ ಅಲ್ಲ. 2006ರಲ್ಲಿ ಶುರುವಾದ ಟ್ವಿಟರ್, 2010ರಲ್ಲಿ ಬಂದ ಇನ್‌ಸ್ಟಾಗ್ರಾಂ ಎರಡೂ ಮೊದಲ ವರ್ಷಗಳಲ್ಲಿ ಪೋಸ್ಟ್‌ಗಳನ್ನು ಬಂದ ಹೊತ್ತಿನ ಪ್ರಕಾರವೇ ತೋರಿಸುತ್ತಿದ್ದವು. 2016ರಲ್ಲಿ ಎರಡೂ ದಾರಿ ಬದಲಿಸಿದವು. ಇನ್‌ಸ್ಟಾಗ್ರಾಂ ಆಗ ಕೊಟ್ಟ ಕಾರಣ ಹೀಗಿತ್ತು: ಜನರು ತಮ್ಮ ಪುಟಕ್ಕೆ ಬರುವ ಪೋಸ್ಟ್‌ಗಳಲ್ಲಿ ಸರಾಸರಿ ಶೇ 70ರಷ್ಟನ್ನು ನೋಡುವುದೇ ಇಲ್ಲ, ಆದ್ದರಿಂದ ಅವರಿಗೆ ಮುಖ್ಯವಾದದ್ದನ್ನು ಮೇಲೆ ತರಬೇಕಾಗಿದೆ. ಈ ಕಾರಣವನ್ನು ತಳ್ಳಿಹಾಕಲಾಗದು. ನೂರಾರು ಜನರನ್ನು ಫಾಲೋ ಮಾಡುವವರ ಪುಟದಲ್ಲಿ ತಂಗಿಯ ಮಗುವಿನ ಫೋಟೊ ಯಾವುದೋ ಸುದ್ದಿಸಂಸ್ಥೆಯ ಹತ್ತು ಪೋಸ್ಟ್‌ಗಳ ಕೆಳಗೆ ಹೂತುಹೋಗುವುದು ನಿಜ. ಆದರೆ ‘ಮುಖ್ಯವಾದದ್ದು’ ಯಾವುದೆಂದು ಯಂತ್ರ ಅಳೆಯುವ ಬಗೆಯಲ್ಲೇ ತೊಡಕಿದೆ. ಯಾವುದಕ್ಕೆ ಲೈಕ್ ಬೀಳಬಹುದು, ಯಾವುದಕ್ಕೆ ಕಮೆಂಟ್ ಬರಬಹುದು, ಯಾವುದರ ಮುಂದೆ ಜನ ಹೆಚ್ಚು ಹೊತ್ತು ನಿಲ್ಲಬಹುದು ಎಂಬ ಅಂದಾಜೇ ಅಲ್ಲಿ ಅಳತೆಗೋಲು. ಮನಸ್ಸಿಗೆ ಬೇಕಾದದ್ದು ಮತ್ತು ಕಣ್ಣು ನಿಲ್ಲುವಂಥದ್ದು ಎಷ್ಟೋ ಸಲ ಬೇರೆ ಬೇರೆ.

ಇದರಿಂದ ಇನ್ನೂ ಒಂದು ಪರಿಣಾಮವಾಗುತ್ತದೆ. ಅಲ್ಗಾರಿದಮ್ ನಡೆಸುವ ಜಾಲತಾಣದಲ್ಲಿ ಪೂರ್ತಿ ಸುಮ್ಮನಿರುವುದು ಯಾರಿಗೂ ಸಾಧ್ಯವಿಲ್ಲ. ಲೈಕ್ ಒತ್ತದೆ, ಒಂದಕ್ಷರ ಬರೆಯದೆ ಬರೀ ವಿಡಿಯೊ ನೋಡುವವರೂ ಎಲ್ಲಿ ನಿಂತರು, ಎಷ್ಟು ಸೆಕೆಂಡ್ ನೋಡಿದರು, ಯಾವುದನ್ನು ಅರ್ಧಕ್ಕೆ ಬಿಟ್ಟರು ಎಂಬ ಗುರುತು ಬಿಟ್ಟೇ ಹೋಗುತ್ತಾರೆ. ಮರುದಿನ ಅವರಿಗೆ ಏನು ಕಾಣಬೇಕು, ಅವರಂಥ ಇತರರಿಗೆ ಏನು ಕಾಣಬೇಕು ಎಂಬುದು ಆ ಗುರುತುಗಳಿಂದ ರೂಪುಗೊಳ್ಳುತ್ತದೆ. ನೋಡುವವರು ಸುಮ್ಮನಿದ್ದೇವೆ ಅಂದುಕೊಂಡಿರುತ್ತಾರೆ. ಯಂತ್ರ ಅವರಿಂದ ಉತ್ತರ ಪಡೆಯುತ್ತಲೇ ಇರುತ್ತದೆ. ಮಾಸ್ಟೊಡಾನ್‌ನ ಮುಖ್ಯ ಪುಟದಲ್ಲಿ ಹಾಗಲ್ಲ. ಒಂದು ಪೋಸ್ಟನ್ನು ಯಾರೋ ಎರಡು ಸಲ ಓದಿ ಕಣ್ಣೀರಿಟ್ಟರೂ ಅವರು ಏನೂ ಮಾಡದೆ ಹೋದರೆ ಅದು ಬರೆದವರಿಗೆ ಗೊತ್ತಾಗುವುದಿಲ್ಲ, ಇನ್ನೊಬ್ಬ ಓದುಗರಿಗೂ ಅದರಿಂದ ಏನೂ ತಲುಪುವುದಿಲ್ಲ.

ಖಾಲಿ ಪುಟದ ಸಮಸ್ಯೆ

ಮಾಸ್ಟೊಡಾನ್ ಒಂದು ಕಂಪನಿಯ ಒಂದೇ ತಾಣವಲ್ಲ. ಅದೊಂದು ಮುಕ್ತ ತಂತ್ರಾಂಶ. ವಿಶ್ವವಿದ್ಯಾಲಯ, ಸಂಘ, ಸ್ನೇಹಿತರ ಗುಂಪು ಅಥವಾ ಒಬ್ಬರೇ ವ್ಯಕ್ತಿ ಅದನ್ನು ತಮ್ಮ ಸರ್ವರ್‌ನಲ್ಲಿ ನಡೆಸಬಹುದು. ಇಂಥ ಸಾವಿರಾರು ಸರ್ವರ್‌ಗಳು ಆ್ಯಕ್ಟಿವಿಟಿಪಬ್ ಎಂಬ ಸಾಮಾನ್ಯ ನಿಯಮಾವಳಿಯ ಮೂಲಕ ಪರಸ್ಪರ ಮಾತಾಡಿಕೊಳ್ಳುತ್ತವೆ. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2018ರ ಜನವರಿಯಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಒಂದು ಸರ್ವರ್‌ನಲ್ಲಿ ಖಾತೆ ಇರುವವರು ಇನ್ನೊಂದು ಸರ್ವರ್‌ನವರನ್ನು ಫಾಲೋ ಮಾಡಬಹುದು. ಒಂದು ಕಂಪನಿಯ ಇಮೇಲ್ ವಿಳಾಸದಿಂದ ಇನ್ನೊಂದು ಕಂಪನಿಯ ವಿಳಾಸಕ್ಕೆ ಪತ್ರ ಹೋಗುವ ಹಾಗೆಯೇ ಇದು. ಸಾಮಾನ್ಯವಾಗಿ ಒಂದು ಪೋಸ್ಟ್‌ಗೆ 500 ಅಕ್ಷರಗಳ ಮಿತಿ. ಜಾಹೀರಾತು ಇಲ್ಲ.

ಇಲ್ಲಿಗೆ ಹೊಸದಾಗಿ ಬಂದವರಿಗೆ ಮೊದಲು ಎದುರಾಗುವುದು ಖಾಲಿ ಪುಟ. ಯಾರನ್ನೂ ಫಾಲೋ ಮಾಡದಿದ್ದರೆ ಮುಖ್ಯ ಪುಟದಲ್ಲಿ ಏನೂ ಬರುವುದಿಲ್ಲ. ಜನ ಹೆಚ್ಚು ಹಂಚಿದ ಪೋಸ್ಟ್‌ಗಳನ್ನು ತೋರಿಸುವ ಒಂದು ವಿಭಾಗ ಪಕ್ಕದಲ್ಲಿ ಇದೆ, ನಿಜ. ಆದರೆ ಅದು ತಾನಾಗಿ ಮುಖ್ಯ ಪುಟದೊಳಕ್ಕೆ ನುಗ್ಗುವುದಿಲ್ಲ. 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾದ ವಿವಾದದ ಬೆನ್ನಿಗೆ ಭಾರತದ ಅನೇಕರು ಮಾಸ್ಟೊಡಾನ್‌ಗೆ ಬಂದರು. 2022ರ ಅಕ್ಟೋಬರ್ ಕೊನೆಯಲ್ಲಿ ಇಲಾನ್ ಮಸ್ಕ್ ಟ್ವಿಟರ್ ಕೊಂಡಾಗ ಬಂದ ಅಲೆ ಇನ್ನೂ ದೊಡ್ಡದು. ತಿಂಗಳಿಗೆ ಸುಮಾರು 3 ಲಕ್ಷದಷ್ಟಿದ್ದ ಸಕ್ರಿಯ ಬಳಕೆದಾರರ ಸಂಖ್ಯೆ ಕೆಲವೇ ವಾರಗಳಲ್ಲಿ 25 ಲಕ್ಷಕ್ಕೆ ಏರಿತೆಂದು ರೋಚ್ಕೊ ಆಗ ತಿಳಿಸಿದ್ದರು. ಎರಡೂ ಸಲ ಬಂದವರಲ್ಲಿ ಬಹಳಷ್ಟು ಜನ ನಿಲ್ಲಲಿಲ್ಲ. ಸರ್ವರ್ ಆರಿಸಿಕೊಳ್ಳುವ ಗೊಂದಲ, ಪರಿಚಿತರು ಸಿಗದಿರುವುದು, ಹಳೆಯ ಜಾಗದ ಸೆಳೆತ ಹೀಗೆ ಕಾರಣಗಳು ಹಲವು. ಅವುಗಳ ಜೊತೆಗೆ ಅಭ್ಯಾಸದ ಕಾರಣವೂ ಸೇರಿರಲೇಬೇಕು. ಸುಮ್ಮನೆ ಕೂತರೂ ಯಾರೋ ಬಡಿಸುತ್ತಾರೆ ಎಂಬ ರೂಢಿಯಿಂದ ಬಂದವರಿಗೆ ಇಲ್ಲಿ ಏನೂ ನಡೆಯುತ್ತಿಲ್ಲವೆಂದೇ ಅನಿಸುತ್ತದೆ.

ಫಾಲೋ ಮಾಡುವುದು ಬೇರೆ ಕಡೆ ಸಣ್ಣ ಸಂಗತಿ. ಇಲ್ಲಿ ಅದು ದೊಡ್ಡದು, ಅದಕ್ಕೆ ತಾಂತ್ರಿಕ ಕಾರಣವೂ ಇದೆ. ಒಂದು ಸರ್ವರ್ ಜಗತ್ತಿನ ಉಳಿದೆಲ್ಲ ಸರ್ವರ್‌ಗಳ ಪೋಸ್ಟ್‌ಗಳನ್ನು ತಾನಾಗಿ ತಂದು ಇಟ್ಟುಕೊಳ್ಳುವುದಿಲ್ಲ. ಮುಖ್ಯವಾಗಿ ಅದರ ಸದಸ್ಯರು ಯಾರನ್ನು ಫಾಲೋ ಮಾಡುತ್ತಾರೋ ಅವರ ಬರಹಗಳೇ ಅಲ್ಲಿಗೆ ಬರುತ್ತವೆ. ಧಾರವಾಡದಲ್ಲಿರುವ ಒಬ್ಬರು ಫಿನ್ಲೆಂಡಿನ ಪಕ್ಷಿತಜ್ಞರೊಬ್ಬರನ್ನು ಫಾಲೋ ಮಾಡಿದರೆನ್ನಿ. ಅಂದಿನಿಂದ ಆ ಪಕ್ಷಿತಜ್ಞರ ಹೊಸ ಪೋಸ್ಟ್‌ಗಳು ಧಾರವಾಡದವರ ಸರ್ವರ್‌ಗೆ ಬರತೊಡಗುತ್ತವೆ, ಅಲ್ಲಿನ ಇತರ ಸದಸ್ಯರೂ ಅವನ್ನು ಸಾರ್ವಜನಿಕ ಪುಟದಲ್ಲಿ ಕಾಣಬಹುದು, ಹ್ಯಾಶ್‌ಟ್ಯಾಗ್ ಹುಡುಕಿದಾಗ ಅವು ಸಿಗುತ್ತವೆ. ಒಬ್ಬರ ಕುತೂಹಲದಿಂದ ಇಡೀ ಸರ್ವರ್‌ನ ಲೋಕ ದೊಡ್ಡದಾಗುತ್ತದೆ. ಎಲ್ಲರೂ ಕೈಕಟ್ಟಿ ಕೂತ ಚಿಕ್ಕ ಸರ್ವರ್‌ನಲ್ಲಿ ಹುಡುಕಿದರೂ ಹೆಚ್ಚೇನೂ ಸಿಗುವುದಿಲ್ಲ.

ಎಷ್ಟು ಜನರನ್ನು ಫಾಲೋ ಮಾಡಬೇಕು ಎಂಬ ಲೆಕ್ಕವನ್ನೂ ಇಲ್ಲಿ ಬಳಸುವವರೇ ಹಾಕಬೇಕು. 100 ಜನರನ್ನು ಆರಿಸಿಕೊಂಡು, ಒಬ್ಬೊಬ್ಬರೂ ದಿನಕ್ಕೆ 5 ಸಲ ಬರೆದರೆ 500 ಪೋಸ್ಟ್ ಆಯಿತು. ಒಂದೊಂದಕ್ಕೆ 20 ಸೆಕೆಂಡ್ ಕೊಟ್ಟರೂ ಎಲ್ಲವನ್ನೂ ಓದಲು ಎರಡೂಮುಕ್ಕಾಲು ಗಂಟೆ ಬೇಕು. ಅಷ್ಟು ಬಿಡುವು ಹೆಚ್ಚಿನವರಿಗಿಲ್ಲ. ಕಾಲಕ್ರಮದ ಪುಟದಲ್ಲಿ ಹೆಚ್ಚು ಬರೆಯುವವರು ಕಡಿಮೆ ಬರೆಯುವವರನ್ನು ಮುಚ್ಚಿಹಾಕುತ್ತಾರೆ. ಅಮೆರಿಕದಲ್ಲಿರುವ ಗೆಳತಿ ಅಲ್ಲಿಯ ಸಂಜೆ ಬರೆದದ್ದು ಇಲ್ಲಿಯವರು ಬೆಳಗ್ಗೆ ಏಳುವಷ್ಟರಲ್ಲಿ ಕೆಳಕ್ಕೆ ಸರಿದಿರುತ್ತದೆ. ಆದ್ದರಿಂದ ಆಗಾಗ ಪಟ್ಟಿಯ ಕಳೆ ಕೀಳುವುದು, ತಪ್ಪದೆ ಓದಬೇಕಾದ ಹತ್ತಿಪ್ಪತ್ತು ಜನರನ್ನು ಬೇರೆ ಪಟ್ಟಿಯಾಗಿ ಇಡುವುದು, ಬೇಡದ ಪದಗಳಿಗೆ ಫಿಲ್ಟರ್ ಹಾಕುವುದು, ತುಂಬ ಹಂಚುವವರ ಹಂಚಿಕೆಗಳನ್ನು ಮಾತ್ರ ಮರೆಮಾಡುವುದು ಇವೆಲ್ಲ ಅಗತ್ಯವಾಗುತ್ತವೆ. ಇದಕ್ಕೆಲ್ಲ ಸೌಲಭ್ಯಗಳಿವೆ. ಹೊಸ ಪೋಸ್ಟ್‌ಗಳು ತಾವಾಗಿ ಸುರಿಯದೆ ಒತ್ತಿದಾಗ ಮಾತ್ರ ಬರುವಂತೆ ಮಾಡುವ ‘ಸ್ಲೋ ಮೋಡ್’ ಕೂಡ ಇದೆ. ಇವೆಲ್ಲವೂ ಓದುವವರೇ ಮಾಡಿಕೊಳ್ಳುವ ಕೆಲಸಗಳಾದ್ದರಿಂದ ಇಲ್ಲಿ ಒಂದಕ್ಷರ ಬರೆಯದವರೂ ಒಂದು ಅರ್ಥದಲ್ಲಿ ಸಕ್ರಿಯರೇ.

ಬರಹವೊಂದು ದೂರ ಹೋಗುವ ದಾರಿಯನ್ನೂ ನೋಡಬೇಕು. ಮಾಸ್ಟೊಡಾನ್‌ನಲ್ಲಿ ನಕ್ಷತ್ರದ ಗುರುತಿನ ಮೆಚ್ಚುಗೆ ಬರೆದವರಿಗೆ ತಲುಪುತ್ತದೆ. ಅದರಿಂದಾಗಿ ಆ ಪೋಸ್ಟ್ ಇನ್ನೊಬ್ಬರ ಮುಖ್ಯ ಪುಟಕ್ಕೆ ಹೋಗುವುದಿಲ್ಲ. ಹೋಗಬೇಕಾದರೆ ಯಾರಾದರೂ ‘ಬೂಸ್ಟ್’ ಮಾಡಬೇಕು, ಅಂದರೆ ತಮ್ಮ ಹೆಸರಿನಲ್ಲಿ ಅದನ್ನು ತಮ್ಮ ಓದುಗರಿಗೆ ಹಂಚಬೇಕು. ಫೇಸ್‌ಬುಕ್‌ನ ಲೈಕ್‌ಗೆ ಒಗ್ಗಿದವರು ಇಲ್ಲಿ ಸದಾ ಎಡವುತ್ತಾರೆ: ನಕ್ಷತ್ರ ಒತ್ತಿ, ಬರೆದವರಿಗೆ ಉಪಕಾರ ಮಾಡಿದೆವೆಂದು ಭಾವಿಸುತ್ತಾರೆ. ಬೂಸ್ಟ್ ಮಾಡುವವರ ಹೆಸರು ಎಲ್ಲರಿಗೂ ಕಾಣುವುದರಿಂದ ಅದಕ್ಕೊಂದು ಹೊಣೆ ಇದೆ. ಇನ್ನೊಬ್ಬರ ಪೋಸ್ಟನ್ನು ಮೇಲಿಟ್ಟು ತಮ್ಮ ಟೀಕೆ ಸೇರಿಸುವ ‘ಕೋಟ್’ ಸೌಲಭ್ಯವನ್ನು ಮಾಸ್ಟೊಡಾನ್ ವರ್ಷಗಟ್ಟಲೆ ಬೇಕೆಂದೇ ದೂರ ಇಟ್ಟಿತ್ತು. ಅದು ಜನರನ್ನು ಹಂಗಿಸುವ ಆಯುಧವಾಗುತ್ತದೆಂಬ ಭಯ ಅದಕ್ಕೆ ಕಾರಣ. 2025ರಲ್ಲಿ ಅದನ್ನು ತಂದಾಗಲೂ, ತಮ್ಮ ಪೋಸ್ಟನ್ನು ಯಾರು ಹಾಗೆ ಬಳಸಬಹುದೆಂದು ತೀರ್ಮಾನಿಸುವ ಅಧಿಕಾರವನ್ನು ಬರೆದವರ ಕೈಗೇ ಕೊಟ್ಟಿತು.

ಹ್ಯಾಶ್‌ಟ್ಯಾಗ್‌ನ ವಿಷಯವೂ ಹೀಗೆಯೇ. ಪೋಸ್ಟ್‌ಗಳೊಳಗಿನ ಎಲ್ಲ ಪದಗಳನ್ನೂ ಹುಡುಕುವ ಸೌಲಭ್ಯ ಇಲ್ಲಿ ಬಹುಕಾಲ ಸಾಮಾನ್ಯವಾಗಿ ಇರಲಿಲ್ಲ. 2023ರಲ್ಲಿ ಬಂದಾಗಲೂ, ಹುಡುಕಾಟಕ್ಕೆ ಸಿಗಲು ಒಪ್ಪಿದವರ ಪೋಸ್ಟ್‌ಗಳಿಗೆ ಮಾತ್ರ ಅದು ಅನ್ವಯವಾಯಿತು. ಹಾಗಾಗಿ ಯಕ್ಷಗಾನದ ಬಗ್ಗೆ ಎಷ್ಟೇ ಚೆನ್ನಾಗಿ ಬರೆದರೂ #ಯಕ್ಷಗಾನ ಎಂದು ಸೇರಿಸದಿದ್ದರೆ ಆ ವಿಷಯದಲ್ಲಿ ಆಸಕ್ತಿಯಿರುವ ಅಪರಿಚಿತರಿಗೆ ಅದು ಸಿಗುವುದು ಕಷ್ಟ. 2022ರ ಕೊನೆಯಿಂದ ವ್ಯಕ್ತಿಗಳಂತೆ ಹ್ಯಾಶ್‌ಟ್ಯಾಗ್‌ಗಳನ್ನೂ ಫಾಲೋ ಮಾಡಬಹುದಾಗಿದೆ. ಪ್ರತಿ ಪೋಸ್ಟ್‌ಗೂ ಅದರ ಭಾಷೆ ಯಾವುದೆಂದು ಗುರುತು ಹಾಕಬಹುದು. ಓದುವವರು ತಮಗೆ ಬೇಕಾದ ಭಾಷೆಗಳನ್ನಷ್ಟೇ ಉಳಿಸಿಕೊಳ್ಳಬಹುದು. ಕನ್ನಡದಂಥ ಭಾಷೆಗೆ ಇದು ಸಣ್ಣ ವಿಷಯವಲ್ಲ. ಇಂಗ್ಲಿಷ್ ಪೋಸ್ಟ್‌ಗಳ ಮಹಾಪೂರದಲ್ಲಿ ಕನ್ನಡದ ಹತ್ತು ಸಾಲು ಕಾಣಿಸಬೇಕಾದರೆ ಬರೆದವರು ಆ ಗುರುತು ಹಾಕಿರಬೇಕು, ಓದಿದವರು ಅದನ್ನು ಬೂಸ್ಟ್ ಮಾಡಿರಬೇಕು. ಕನ್ನಡಿಗರಿಗೆ ಕನ್ನಡದ್ದನ್ನೇ ಹುಡುಕಿ ಕೊಡುವ ಯಂತ್ರ ಅಲ್ಲಿಲ್ಲ.

ಅಧ್ಯಯನಗಳು ಏನನ್ನುತ್ತವೆ

ಸುಮ್ಮನೆ ನೋಡುವುದು ಮನಸ್ಸಿಗೆ ಕೆಡುಕು, ಮಾತಿನಲ್ಲಿ ತೊಡಗುವುದು ಒಳಿತು ಎಂಬ ನಂಬಿಕೆ ವ್ಯಾಪಕವಾಗಿದೆ. ಅದಕ್ಕೆ ಸಂಶೋಧನೆಯ ಆಧಾರವೂ ಇತ್ತು. 2010ರಲ್ಲಿ ಮೊಯಿರಾ ಬರ್ಕ್ ಮತ್ತು ಸಂಗಡಿಗರು ಸಾವಿರಕ್ಕೂ ಹೆಚ್ಚು ಫೇಸ್‌ಬುಕ್ ಬಳಕೆದಾರರ ಮೇಲೆ ಅಧ್ಯಯನ ನಡೆಸಿದರು. ಪರಿಚಿತರೊಂದಿಗೆ ನೇರವಾಗಿ ಮಾತಾಡಿಕೊಳ್ಳುವವರಲ್ಲಿ ಬಾಂಧವ್ಯದ ಭಾವ ಹೆಚ್ಚಾಗಿಯೂ ಒಂಟಿತನ ಕಡಿಮೆಯಾಗಿಯೂ ಕಂಡಿತು. ಇತರರ ಪೋಸ್ಟ್‌ಗಳನ್ನು ಬರೀ ನೋಡುತ್ತಿದ್ದವರಲ್ಲಿ ಒಂಟಿತನ ಹೆಚ್ಚಿತ್ತು. 2015ರಲ್ಲಿ ಫಿಲಿಪ್ ವರ್ಡೈನ್, ಈಥನ್ ಕ್ರಾಸ್ ಮೊದಲಾದವರು ಪ್ರಯೋಗವನ್ನೇ ಮಾಡಿದರು. ಹತ್ತು ನಿಮಿಷ ಫೇಸ್‌ಬುಕ್ಕನ್ನು ಸುಮ್ಮನೆ ನೋಡಿದವರ ಮನಃಸ್ಥಿತಿ ದಿನದ ಕೊನೆಗೆ ಕುಗ್ಗಿತ್ತು; ಅದೇ ಹತ್ತು ನಿಮಿಷ ಬರೆಯುತ್ತಾ ಉತ್ತರಿಸುತ್ತಾ ಕಳೆದವರಲ್ಲಿ ಹಾಗಾಗಲಿಲ್ಲ. ಇತರರ ಸುಖದ ಚಿತ್ರಗಳನ್ನು ಕಂಡು ಹುಟ್ಟುವ ಅಸೂಯೆ ಇದಕ್ಕೆ ಒಂದು ಕಾರಣವೆಂದು ಅವರು ತೋರಿಸಿದರು. 2017ರ ಡಿಸೆಂಬರ್‌ನಲ್ಲಿ ಫೇಸ್‌ಬುಕ್ ಕಂಪನಿಯೂ ಈ ವಿಂಗಡಣೆಯನ್ನು ಸಾರ್ವಜನಿಕವಾಗಿ ಒಪ್ಪಿಕೊಂಡಿತು.

ಆಮೇಲೆ ಬಂದ ಅಧ್ಯಯನಗಳು ಚಿತ್ರವನ್ನು ಅಷ್ಟು ಸರಳವಾಗಿ ಉಳಿಸಲಿಲ್ಲ. 2020ರಲ್ಲಿ ಇನೆ ಬೇಯನ್ಸ್ ಮತ್ತು ತಂಡ ನೆದರ್ಲೆಂಡ್ಸ್‌ನ 63 ಹದಿಹರೆಯದವರನ್ನು ಒಂದು ವಾರ, ದಿನಕ್ಕೆ ಹಲವು ಸಲ ಪ್ರಶ್ನಿಸಿತು. ಸುಮ್ಮನೆ ನೋಡಿದ ಮೇಲೆ ಶೇ 46ರಷ್ಟು ಮಕ್ಕಳಿಗೆ ಹಿತವೆನಿಸಿತ್ತು, ಶೇ 44ರಷ್ಟು ಮಕ್ಕಳಲ್ಲಿ ಯಾವ ಬದಲಾವಣೆಯೂ ಇರಲಿಲ್ಲ, ಶೇ 10ರಷ್ಟು ಮಕ್ಕಳಿಗೆ ಮಾತ್ರ ಬೇಸರ ಹೆಚ್ಚಿತ್ತು. ಪ್ಯಾಟಿ ವಾಲ್ಕನ್‌ಬರ್ಗ್ ಮತ್ತು ಸಂಗಡಿಗರು 40 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ನಿಷ್ಕ್ರಿಯ ಬಳಕೆ ಕೆಟ್ಟದ್ದು, ಸಕ್ರಿಯ ಬಳಕೆ ಒಳ್ಳೆಯದು ಎಂಬ ಸೂತ್ರವನ್ನು ಹೆಚ್ಚಿನವು ಸಮರ್ಥಿಸಲಿಲ್ಲ. ಯಾರ ಪೋಸ್ಟ್, ಯಾವ ವಿಷಯ, ಓದುವವರ ಸ್ವಭಾವ ಏನು ಎಂಬುದನ್ನು ಬಿಟ್ಟು ಬೆರಳಿನ ಚಲನೆಯನ್ನಷ್ಟೇ ಎಣಿಸಿದರೆ ಸಾಲದು ಎಂಬುದು ಈ ಬಗೆಯ ಕೆಲಸಗಳಿಂದ ಸ್ಪಷ್ಟವಾಗಿದೆ. 2022ರಲ್ಲಿ ವರ್ಡೈನ್ ಮತ್ತು ಕ್ರಾಸ್ ಕೂಡ ತಮ್ಮ ಹಳೆಯ ವಿಂಗಡಣೆಯನ್ನು ತಿದ್ದಿ, ಒಬ್ಬರನ್ನು ಉದ್ದೇಶಿಸಿ ಬರೆಯುವುದು ಬೇರೆ, ಎಲ್ಲರಿಗೂ ಕಾಣಲೆಂದು ಬರೆಯುವುದು ಬೇರೆ ಎಂದು ಬಿಡಿಸಿ ನೋಡಿದರು.

ಪುಟದ ಕ್ರಮವನ್ನೇ ಬದಲಿಸಿ ನೋಡಿದ ಒಂದು ದೊಡ್ಡ ಪ್ರಯೋಗವೂ ನಡೆದಿದೆ. 2020ರ ಅಮೆರಿಕದ ಚುನಾವಣೆಯ ಹೊತ್ತಿನಲ್ಲಿ, ಒಪ್ಪಿಗೆ ಕೊಟ್ಟ ಸಾವಿರಾರು ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಬಳಕೆದಾರರಿಗೆ ಮೂರು ತಿಂಗಳು ಅಲ್ಗಾರಿದಮ್ ಬದಲು ಕಾಲಕ್ರಮದ ಪುಟ ಕೊಡಲಾಯಿತು. 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಕಾಲಕ್ರಮದ ಪುಟ ಪಡೆದವರು ಆ ತಾಣಗಳಲ್ಲಿ ಕಳೆಯುವ ಸಮಯ ಗಣನೀಯವಾಗಿ ಇಳಿದಿತ್ತು. ಫೇಸ್‌ಬುಕ್‌ನಲ್ಲಿ ಒರಟು ಮಾತಿನ ಪೋಸ್ಟ್‌ಗಳು ಕಡಿಮೆಯಾಗಿದ್ದವು. ಆದರೆ ರಾಜಕೀಯದ ಪೋಸ್ಟ್‌ಗಳು, ನಂಬಿಕೆಗೆ ಅರ್ಹವಲ್ಲದ ಮೂಲಗಳಿಂದ ಬಂದ ಪೋಸ್ಟ್‌ಗಳು ಹೆಚ್ಚಿದ್ದವು. ಜನರ ರಾಜಕೀಯ ನಿಲುವುಗಳಲ್ಲಿ ಗಮನಾರ್ಹ ಬದಲಾವಣೆ ಆಗಿರಲಿಲ್ಲ. ಅಲ್ಗಾರಿದಮ್ ತೆಗೆದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ. ಆ ಬಳಕೆದಾರರು ಅಲ್ಗಾರಿದಮ್ ಇದ್ದ ಕಾಲದಲ್ಲಿ ಮನಬಂದಂತೆ ಫಾಲೋ ಮಾಡಿದ್ದ ಹಳೆಯ ಪಟ್ಟಿಯನ್ನೇ ಇಟ್ಟುಕೊಂಡಿದ್ದರು ಎಂಬುದನ್ನೂ ನೆನಪಿಡಬೇಕು. ಯಂತ್ರ ಸೋಸುವುದನ್ನು ನಿಲ್ಲಿಸಿದ ಮೇಲೆ ಸೋಸುವ ಕೆಲಸವನ್ನು ಯಾರೂ ಕೈಗೆತ್ತಿಕೊಳ್ಳದಿದ್ದರೆ ಪುಟ ಹೇಗಿರುತ್ತದೆಂಬುದನ್ನು ಆ ಮೂರು ತಿಂಗಳು ತೋರಿಸಿದವು.

ಮೌನಕ್ಕೂ ಜಾಗವಿದೆ

ಹಾಗೆಂದು ಸುಮ್ಮನೆ ಓದುವವರನ್ನು ದೂರುವುದು ನ್ಯಾಯವಲ್ಲ. ಆನ್‌ಲೈನ್ ಕೂಟಗಳು ಹುಟ್ಟಿದಾಗಿನಿಂದ ಅವರೇ ಬಹುಸಂಖ್ಯಾತರು. ಆನ್‌ಲೈನ್ ಸಮುದಾಯಗಳಲ್ಲಿ ಶೇ 90 ಮಂದಿ ಓದುತ್ತಾರಷ್ಟೆ, ಶೇ 9 ಮಂದಿ ಅಪರೂಪಕ್ಕೆ ಬರೆಯುತ್ತಾರೆ, ಉಳಿದ ಶೇ 1 ಮಂದಿಯೇ ಹೆಚ್ಚಿನದನ್ನು ಬರೆಯುತ್ತಾರೆ ಎಂದು ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲಿ ಅಂದಾಜು ಕೊಟ್ಟಿದ್ದರು. ಇದು ಎಲ್ಲ ಕಡೆಗೂ ಒಂದೇ ಸಮನಾಗಿ ಹೊಂದುವುದಿಲ್ಲ. ಬ್ಲೇರ್ ನಾನೆಕ್ ಮತ್ತು ಜೆನ್ನಿ ಪ್ರೀಸ್ 2000ದಲ್ಲಿ ಇಮೇಲ್ ಚರ್ಚಾಗುಂಪುಗಳನ್ನು ಎಣಿಸಿ ನೋಡಿದಾಗ, ತಂತ್ರಾಂಶದ ನೆರವಿನ ಗುಂಪುಗಳಲ್ಲಿ ಮೌನಿಗಳು ಶೇ 82ರಷ್ಟಿದ್ದರೆ, ಕಾಯಿಲೆಯ ಬಗ್ಗೆ ಪರಸ್ಪರ ಧೈರ್ಯ ಹೇಳಿಕೊಳ್ಳುವ ಗುಂಪುಗಳಲ್ಲಿ ಸುಮಾರು ಶೇ 46 ಮಾತ್ರ ಇದ್ದರು. ಇನ್ನೊಬ್ಬರ ನೋವಿಗೆ ಉತ್ತರ ಕೊಡಬೇಕೆನಿಸುವ ಕಡೆ ಜನ ತಾವಾಗಿ ಬಾಯಿ ಬಿಡುತ್ತಾರೆ. ಗುಂಪಿನ ವಿಷಯವೇ ಮಾತನ್ನು ಹೊರಡಿಸುತ್ತದೆ.

ಮೌನಿಗಳು ಏಕೆ ಮೌನವಾಗಿರುತ್ತಾರೆಂದು ಅದೇ ಸಂಶೋಧಕರು 2004ರಲ್ಲಿ ವಿಚಾರಿಸಿದ್ದರು. ಬರೆಯುವ ಅಗತ್ಯವೇ ಬೀಳಲಿಲ್ಲ, ಓದಿದ್ದರಿಂದಲೇ ಬೇಕಾದದ್ದು ಸಿಕ್ಕಿತು ಎಂಬುದೇ ಮುಖ್ಯ ಉತ್ತರವಾಗಿತ್ತು. ಗುಂಪನ್ನು ಇನ್ನಷ್ಟು ತಿಳಿದುಕೊಳ್ಳಬೇಕು, ಸುಮ್ಮನಿದ್ದರೇ ಗುಂಪಿಗೆ ಅನುಕೂಲ, ತಂತ್ರಾಂಶ ಕೈಗೆ ಹತ್ತಲಿಲ್ಲ, ಅಲ್ಲಿಯ ಜನರ ರೀತಿ ಹಿಡಿಸಲಿಲ್ಲ ಎಂಬ ಉತ್ತರಗಳೂ ಇದ್ದವು. ಸೋಮಾರಿತನ ಎಂದು ಸುಲಭವಾಗಿ ಹೆಸರಿಡುವ ವರ್ತನೆಯೊಳಗೆ ಇಷ್ಟೊಂದು ಕಾರಣಗಳಿವೆ. ಕಲಿಕೆಯ ಬಗ್ಗೆ ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರಲ್ಲಿ ಬರೆದ ಪುಸ್ತಕ ಇದಕ್ಕೆ ಬೇರೊಂದು ಬೆಳಕು ಚೆಲ್ಲುತ್ತದೆ. ಲೈಬೀರಿಯಾದ ದರ್ಜಿಗಳು, ಮೆಕ್ಸಿಕೊದ ಯುಕಟಾನ್‌ನ ಸೂಲಗಿತ್ತಿಯರು ಕಸುಬು ಕಲಿಯುವ ರೀತಿಯನ್ನು ಅವರು ವಿವರಿಸಿದರು. ಕಲಿಯುವವರು ಮೊದಲು ಅಂಚಿನಲ್ಲಿ ನಿಂತು ನೋಡುತ್ತಾರೆ, ಚಿಕ್ಕಪುಟ್ಟ ಕೆಲಸಗಳಿಗೆ ಕೈ ಹಾಕುತ್ತಾರೆ, ನಿಧಾನವಾಗಿ ನಡುವಿಗೆ ಬರುತ್ತಾರೆ. ಅಂಚಿನಲ್ಲಿರುವುದೂ ಒಂದು ಬಗೆಯ ಪಾಲ್ಗೊಳ್ಳುವಿಕೆಯೇ ಎಂಬುದು ಅವರ ವಾದ.

ನಿಧಾನದ ಜಾಲತಾಣ ಈ ಅಂಚಿನ ಕಾಲಕ್ಕೆ ಚೆನ್ನಾಗಿ ಹೊಂದುತ್ತದೆ. ನೋಡುವವರನ್ನು ಅಲ್ಲಿ ಯಾರೂ ಎಣಿಸುವುದಿಲ್ಲ, ಓದಿದ್ದಕ್ಕೆ ನೀಲಿ ಟಿಕ್ ಬೀಳುವುದಿಲ್ಲ. ಹೊಸಬರು ಕೆಲವು ವಾರ ಓದುತ್ತಾ ಆ ಜಾಗದ ಮರ್ಯಾದೆ ಕಲಿಯಬಹುದು: ಮನಸ್ಸು ಕಲಕುವ ವಿಷಯಕ್ಕೆ ಮೊದಲೇ ಎಚ್ಚರಿಕೆಯ ಸಾಲು ಹಾಕುವುದು, ಕಣ್ಣು ಕಾಣದವರಿಗಾಗಿ ಚಿತ್ರದಲ್ಲಿ ಏನಿದೆಯೆಂದು ವಿವರ ಬರೆಯುವುದು ಇತ್ಯಾದಿ. ತೊಂದರೆ ಶುರುವಾಗುವುದು ಎಲ್ಲರೂ ಅಂಚಿನಲ್ಲೇ ಉಳಿದಾಗ. ಯಂತ್ರದ ನೆರವಿರುವ ಕಡೆ ಶೇ 1ರಷ್ಟು ಜನ ಬರೆದದ್ದನ್ನು ಶೇ 99ಕ್ಕೆ ಹಂಚಲು ಕಂಪನಿ ಇದೆ. ಅದಿಲ್ಲದ ಕಡೆ, ಬರೆದವರಿಗೆ ಯಾರೂ ಓದುತ್ತಿಲ್ಲವೆಂದು ತೋರುತ್ತದೆ. ಕೆಲವು ತಿಂಗಳಲ್ಲಿ ಅವರು ನಿಲ್ಲಿಸುತ್ತಾರೆ. ಮೌನವಾಗಿ, ಪ್ರೀತಿಯಿಂದ ಓದುತ್ತಿದ್ದವರಿಗೆ ಕಾರಣ ಗೊತ್ತಾಗುವುದೇ ಇಲ್ಲ.

ಕನ್ನಡದ ಬ್ಲಾಗುಗಳ ಕಾಲವನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. 2005ರಲ್ಲಿ ಹರಿಪ್ರಸಾದ್ ನಾಡಿಗ್ ಆರಂಭಿಸಿದ ‘ಸಂಪದ’ ಸಮುದಾಯ ತಾಣ ಮತ್ತು ಆ ವರ್ಷಗಳ ನೂರಾರು ಬ್ಲಾಗುಗಳಲ್ಲಿ ಬರಹದಷ್ಟೇ ಜೀವ ಅದರ ಕೆಳಗಿನ ಪ್ರತಿಕ್ರಿಯೆಗಳಲ್ಲಿತ್ತು. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವುದೇ ಕಷ್ಟವಾಗಿದ್ದ ಕಾಲದಲ್ಲಿ ಓದುಗರು ಕೂತು ಉತ್ತರ ಬರೆಯುತ್ತಿದ್ದರು. ಫೇಸ್‌ಬುಕ್ ಬಂದ ಮೇಲೆ ಮಾತು ಅತ್ತ ಹೋಯಿತು. ಬೇರೆ ಬೇರೆ ತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ತಂದುಕೊಡುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿತು. ಓದುಗರು ಪೂರ್ತಿ ಕಾಣೆಯಾಗಿರಲಿಲ್ಲ, ಉತ್ತರ ಕೊಡುವ ಓದುಗರು ಕಾಣೆಯಾಗಿದ್ದರು. ಎಷ್ಟೋ ಒಳ್ಳೆಯ ಬ್ಲಾಗುಗಳು ನಿಂತುಹೋಗಲು ಅಷ್ಟು ಸಾಕಾಯಿತು.

ವಾಟ್ಸ್ಆ್ಯಪ್ ಗುಂಪುಗಳು

ಅಲ್ಗಾರಿದಮ್ ಇಲ್ಲದ ಜಾಗಗಳಲ್ಲಿ ಕರ್ನಾಟಕದ ಜನ ಹೆಚ್ಚು ಬಳಸುವುದು ಮಾಸ್ಟೊಡಾನನ್ನಲ್ಲ, ವಾಟ್ಸ್ಆ್ಯಪ್ ಗುಂಪುಗಳನ್ನು. ಅಲ್ಲಿ ಸಂದೇಶಗಳು ಬಂದ ಹೊತ್ತಿನ ಕ್ರಮದಲ್ಲೇ ಇರುತ್ತವೆ. ಯಾವುದು ಮೇಲೆ ಬರಬೇಕೆಂದು ಯಂತ್ರ ತೀರ್ಮಾನಿಸುವುದಿಲ್ಲ. ಆದರೂ ಅದನ್ನು ನಿಧಾನದ ಜಾಗ ಎನ್ನಲಾಗದು. ಕಾರಣ, ಫಾರ್ವರ್ಡ್. ಬಂದದ್ದನ್ನು ಓದಿಯೋ ಓದದೆಯೋ ಮುಂದಕ್ಕೆ ಕಳಿಸಲು ಒಂದು ಕ್ಷಣ ಸಾಕು, ಮೊದಲು ಬರೆದವರು ಯಾರೆಂಬುದು ದಾರಿಯಲ್ಲೇ ಅಳಿಸಿಹೋಗುತ್ತದೆ. ಕಳಿಸಿದವರ ದೃಷ್ಟಿಯಲ್ಲಿ ಇದೂ ಸಕ್ರಿಯ ಬಳಕೆಯೇ.

ಅದರ ಬೆಲೆ ಎಷ್ಟಾಗಬಹುದೆಂಬುದು 2018ರಲ್ಲಿ ಕಂಡಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸಂದೇಶಗಳು ಆ ವರ್ಷ ದೇಶದ ಹಲವೆಡೆ ಹರಡಿ, ಗುಂಪುಗಳು ಅಮಾಯಕರನ್ನು ಹೊಡೆದು ಕೊಂದವು. ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಹೀಗೆಯೇ ಪ್ರಾಣ ಕಳೆದುಕೊಂಡರು. ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಗಿತ್ತು. ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವ ಮಿತಿ ಪ್ರಕಟಿಸಿತು. 2019ರ ಜನವರಿಯಲ್ಲಿ ಅದನ್ನು ಜಗತ್ತಿಗೆಲ್ಲ ಅನ್ವಯಿಸಿತು. 2020ರ ಏಪ್ರಿಲ್‌ನಲ್ಲಿ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಬಹುದೆಂದು ಬಿಗಿಮಾಡಿತು. ಇದರಿಂದ ಅಂಥ ಸಂದೇಶಗಳ ಓಡಾಟ ಶೇ 70ರಷ್ಟು ಇಳಿಯಿತೆಂದು ಕಂಪನಿ ಹೇಳಿತು. ಒಂದೆರಡು ಸಲ ಹೆಚ್ಚು ಬೆರಳು ಒತ್ತಬೇಕಾದ ಸಣ್ಣ ಅಡ್ಡಿ ಇಷ್ಟು ದೊಡ್ಡ ವ್ಯತ್ಯಾಸ ತಂದಿತೆಂಬುದು ಗಮನಿಸಬೇಕಾದ ಸಂಗತಿ.

ಹಾಗಾಗಿ ಸಕ್ರಿಯ ಬಳಕೆ ಎಂಬ ಒಂದೇ ಹೆಸರಿನಡಿ ಬರುವ ಕೆಲಸಗಳನ್ನು ಬೇರೆಬೇರೆಯಾಗಿ ತೂಗಬೇಕಾಗುತ್ತದೆ. ಯೋಚಿಸದೆ ಫಾರ್ವರ್ಡ್ ಮಾಡುವುದು ಒಂದು. ಯಾರಿಗೂ ಉತ್ತರಿಸದೆ ತನ್ನದನ್ನೇ ಹೇಳುತ್ತಾ ಹೋಗುವುದು ಇನ್ನೊಂದು. ಹೊರಗಿನಿಂದ ತುಂಬ ಚುರುಕಾಗಿ ಕಂಡರೂ ಅದರಿಂದ ಬಾಂಧವ್ಯ ಬೆಳೆಯುವುದು ಕಡಿಮೆ. ಒಬ್ಬರು ಬರೆದದ್ದನ್ನು ಓದಿ, ಅದರ ಒಂದು ಅಂಶ ಹಿಡಿದು, ಅವರಿಗೇ ಉತ್ತರ ಬರೆಯುವುದು ಮೂರನೆಯದು. ನಿಧಾನದ ಜಾಲತಾಣ ಬದುಕುವುದು ಈ ಮೂರನೆಯದರಿಂದ. ಲೈಕಿನಿಂದ ಬರೆದವರಿಗೆ ಒಂದು ಸಂಖ್ಯೆ ಸಿಗುತ್ತದೆ. ಉತ್ತರದಿಂದ ಮುಂದಿನ ಮಾತಿಗೆ ದಾರಿ ಸಿಗುತ್ತದೆ, ಓದಿದವರು ಅರ್ಥ ಮಾಡಿಕೊಂಡದ್ದು ಏನೆಂದು ಗೊತ್ತಾಗುತ್ತದೆ, ಪಕ್ಕದಲ್ಲಿ ಓದುತ್ತಿರುವ ಮೌನಿಗಳಿಗೂ ಮಾತಿನ ಎಳೆ ಸಿಗುತ್ತದೆ. ಮೂರು ದಿನ ತಡವಾಗಿ ಉತ್ತರಿಸಿದರೂ ಇಲ್ಲಿ ಅಡ್ಡಿಯಿಲ್ಲ. ಹಳೆಯ ಪೋಸ್ಟನ್ನು ಯಾವ ಯಂತ್ರವೂ ಹಳೆಯದೆಂದು ಬದಿಗೆ ತಳ್ಳಿರುವುದಿಲ್ಲ, ಬರೆದವರಿಗೆ ಸೂಚನೆ ಹೋಗಿಯೇ ಹೋಗುತ್ತದೆ.

ಬರೆಯುವುದು, ಉತ್ತರಿಸುವುದು, ಹಂಚುವುದರ ಆಚೆಗೂ ಒಂದು ಬಗೆಯ ದುಡಿಮೆ ಇದೆ. ಅದು ಕಣ್ಣಿಗೆ ಬೀಳುವುದು ತೀರ ಕಡಿಮೆ. ಜಾಹೀರಾತಿಲ್ಲದ ಸರ್ವರ್‌ಗೆ ವಿದ್ಯುತ್ತು, ಯಂತ್ರ, ಸಂಗ್ರಹದ ಖರ್ಚನ್ನು ಯಾರೋ ಕೊಡಬೇಕು. ನಿಂದನೆ, ಬೆದರಿಕೆ, ಮೋಸದ ಖಾತೆಗಳ ಮೇಲೆ ಬಂದ ದೂರುಗಳನ್ನು ಯಾರೋ ಓದಿ ತೀರ್ಮಾನಿಸಬೇಕು. ಬಹುತೇಕ ಸರ್ವರ್‌ಗಳಲ್ಲಿ ಇದನ್ನೆಲ್ಲ ಸ್ವಯಂಸೇವಕರು ತಮ್ಮ ಬಿಡುವಿನ ವೇಳೆಯಲ್ಲಿ, ಸದಸ್ಯರ ದೇಣಿಗೆಯಿಂದ ನಡೆಸುತ್ತಾರೆ. ಅವರು ದಣಿದಾಗ ಸರ್ವರ್ ಮುಚ್ಚುವುದೂ ಉಂಟು. ಸದಸ್ಯರು ಬೇರೆ ಸರ್ವರ್‌ಗೆ ಹೋಗಿ ತಮ್ಮ ಫಾಲೋವರ್‌ಗಳನ್ನು ಅಲ್ಲಿಗೆ ಕರೆದೊಯ್ಯಬಹುದು, ಆದರೆ ಹಳೆಯ ಪೋಸ್ಟ್‌ಗಳು ಜೊತೆಗೆ ಬರುವುದಿಲ್ಲ. ಹೀಗಾಗಿ ಈ ತಂತ್ರಾಂಶವನ್ನು ರೂಪಿಸುವ ಮಾಸ್ಟೊಡಾನ್ ಸಂಸ್ಥೆ ತನ್ನ ಜಾಲತಾಣದಲ್ಲಿ ಹೆಸರು ತೋರಿಸಲು ಸರ್ವರ್‌ಗಳಿಗೆ ಕೆಲವು ನಿಬಂಧನೆ ಹಾಕಿದೆ. ದ್ವೇಷದ ಮಾತನ್ನು ತಡೆಯಬೇಕು, ದಿನವೂ ಬ್ಯಾಕಪ್ ತೆಗೆದಿಡಬೇಕು, ತುರ್ತು ಸಂದರ್ಭದಲ್ಲಿ ಸರ್ವರ್ ನೋಡಿಕೊಳ್ಳಲು ಇನ್ನೊಬ್ಬರಿಗಾದರೂ ಪ್ರವೇಶ ಇರಬೇಕು, ಮುಚ್ಚುವುದಾದರೆ ಕನಿಷ್ಠ ಮೂರು ತಿಂಗಳು ಮೊದಲೇ ಸದಸ್ಯರಿಗೆ ತಿಳಿಸಬೇಕು. ಈ ಖರ್ಚಿನಲ್ಲಿ ಒಂದಿಷ್ಟು ಪಾಲು ಕೊಡುವುದು, ಕೆಟ್ಟ ಪೋಸ್ಟ್ ಕಂಡಾಗ ಸರಿಯಾದ ವಿವರ ಕೊಟ್ಟು ದೂರು ಸಲ್ಲಿಸುವುದು ಇವು ಒಂದಕ್ಷರವನ್ನೂ ಸಾರ್ವಜನಿಕವಾಗಿ ಬರೆಯಲು ಇಷ್ಟಪಡದವರಿಗೂ ಸಾಧ್ಯವಾಗುವ ಕೆಲಸಗಳು.